‘1 ಪಿಂಟ್’ ಎಂದು ಬರೆದಿರುವ ಈ ಹಳೆ ಬಿಲ್ಲೆ ಯಾವ ದೇಶದ ನಾಣ್ಯ?

ನಾಣ್ಯ ಅಲ್ಲ, ಅದು ಹಾಲಿನ ಟೋಕನ್. ಒಂದು ಬದಿ ‘1 ಪಿಂಟ್’, ಇನ್ನೊಂದು ಬದಿ ಊರಿನ ಹೆಸರಿನ ಜೊತೆ ‘ಸಿ.ಎಸ್. ಲಿಮಿಟೆಡ್’ ಅಂತ ಇಂಗ್ಲಿಷ್‌ನಲ್ಲಿದೆ ಅಂದಿರಲ್ಲ, ಅಷ್ಟು ಸಾಕು. ‘ಸಿ.ಎಸ್.’ ಅಂದರೆ ಕೋ-ಆಪರೇಟಿವ್ ಸೊಸೈಟಿ, ಅಂದರೆ ಬ್ರಿಟನ್ನಿನ ಆ ಊರಿನ ಸಹಕಾರ ಸಂಘ ಹೊರಡಿಸಿದ್ದು.

ಜನ ಸಂಘದ ಅಂಗಡಿಯಲ್ಲಿ ಮೊದಲೇ ದುಡ್ಡು ಕೊಟ್ಟು ಟೋಕನ್ ತಂದಿಟ್ಟುಕೊಳ್ಳುತ್ತಿದ್ದರು. ರಾತ್ರಿ ತೊಳೆದ ಖಾಲಿ ಬಾಟಲಿಯ ಜೊತೆ ಬೇಕಾದಷ್ಟು ಟೋಕನ್ ಬಾಗಿಲ ಹೊರಗೆ ಇಟ್ಟರೆ, ಬೆಳಗಿನ ಜಾವ ಹಾಲಿನವನು ಎರಡನ್ನೂ ಎತ್ತಿಕೊಂಡು ಅಷ್ಟೇ ಪಿಂಟ್ ಹಾಲು ಇಟ್ಟು ಹೋಗುತ್ತಿದ್ದ (ಒಂದು ಪಿಂಟ್ ಅಂದರೆ ಸುಮಾರು 568 ಮಿಲಿ). ಚಿಲ್ಲರೆ ತಾಪತ್ರಯ ಇಲ್ಲ, ಮನೆ ಮನೆಗೂ ಲೆಕ್ಕ ಬರೆಯಬೇಕಿಲ್ಲ, ಕತ್ತಲಲ್ಲಿ ದುಡ್ಡಿನ ಚೀಲ ಹೊತ್ತು ತಿರುಗಬೇಕಾಗಿಯೂ ಇಲ್ಲ. ಎಷ್ಟು ಒಳ್ಳೆ ಏರ್ಪಾಡು ಅಲ್ವಾ!

ಕಾಲ ಗುರುತಿಸಬೇಕೇ? ಹಿತ್ತಾಳೆ, ಅಲ್ಯೂಮಿನಿಯಂ ಬಿಲ್ಲೆಗಳು ಸಾಮಾನ್ಯವಾಗಿ ಹಳೆಯವು, ಪ್ಲಾಸ್ಟಿಕ್‌ನವು ಆಮೇಲಿನವು. ಬೆಲೆ ಬರೆದು ಪಕ್ಕದಲ್ಲಿ ಹಳೆ ಪೆನ್ನಿಯ ಗುರುತಾದ ‘ಡಿ’ ಅಕ್ಷರ ಇದ್ದರೆ 1971ಕ್ಕಿಂತ ಹಿಂದಿನದು, ಆ ವರ್ಷ ಹೊಸ ಪೆನ್ನಿ ಬಂದು ಗುರುತು ‘ಪಿ’ ಆಯಿತು. ಮತ್ತೆ, ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಸಂಗ್ರಹಕಾರರಿಗೆ ಆ ಹಳೆ ಬಣ್ಣವೇ ಬೇಕು, ಜಾಸ್ತಿ ಉಜ್ಜಿದರೆ ಊರಿನ ಹೆಸರೂ ಸವೆದು ಹೋಗುತ್ತದೆ.