ಓದುಗರ ಪ್ರಶ್ನೆ: ಹುಟ್ಟುವಾಗಲೇ ಹಳೆಯದಾಗಿದ್ದ ಕಾಕ್‌ಟೇಲ್

ಪ್ರಶ್ನೆ: ವಿಸ್ಕಿಯಿಂದ ಮಾಡುವ ಒಂದು ಕಾಕ್‌ಟೇಲ್‌ಗೆ ‘ಓಲ್ಡ್ ಫ್ಯಾಷನ್ಡ್’, ಅಂದರೆ ಹಳೆಯ ಕಾಲದ್ದು, ಎಂಬ ಹೆಸರಿದೆ. ಹುಟ್ಟುವಾಗಲೇ ಒಂದು ಪಾನೀಯ ಹಳೆಯದಾಗಿರುವುದು ಹೇಗೆ? ಅಮೆರಿಕದ ಲೂಯಿವಿಲ್ ನಗರದ ಕ್ಲಬ್ಬೊಂದರಲ್ಲಿ ಅದು ಹುಟ್ಟಿತೆಂದು ಓದಿದ್ದೇನೆ. ಇದು ನಿಜವೇ?

ಉತ್ತರ: ತಮ್ಮ ಪ್ರಶ್ನೆಯ ಬೇರು ಹುಡುಕುತ್ತ ಹೋದರೆ ಅಲ್ಲಿ ಸಿಗುವುದೂ ಒಬ್ಬ ಓದುಗರ ಪ್ರಶ್ನೆಯೇ. 1806ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ರಾಜ್ಯದ ಹಡ್ಸನ್ ಪಟ್ಟಣದ ಪತ್ರಿಕೆಯೊಂದು, ಚುನಾವಣೆಯಲ್ಲಿ ಸೋತ ಅಭ್ಯರ್ಥಿಯೊಬ್ಬರು ಖರ್ಚು ಮಾಡಿದ ಪಾನೀಯಗಳ ಪಟ್ಟಿಯನ್ನು ಅಚ್ಚು ಹಾಕಿತು. ಅದರಲ್ಲಿ ‘ಕಾಕ್‌ಟೇಲ್’ ಎಂಬ ಪದವೂ ಇತ್ತು. ಹಾಗೆಂದರೇನು ಎಂದು ಓದುಗರೊಬ್ಬರು ಬರೆದು ಕೇಳಿದರು. ಸಂಪಾದಕರಾದ ಹ್ಯಾರಿ ಕ್ರಾಸ್ವೆಲ್ ಅವರು ಮೇ 13ರ ಸಂಚಿಕೆಯಲ್ಲಿ, ಯಾವುದಾದರೊಂದು ಮದ್ಯ, ಸಕ್ಕರೆ, ನೀರು ಮತ್ತು ಬಿಟರ್ಸ್ (ಬೇರು, ತೊಗಟೆಗಳಿಂದ ತೆಗೆದ ಕಹಿ ಸಾರ) ಸೇರಿದ ಉತ್ತೇಜಕ ಪೇಯವೇ ಕಾಕ್‌ಟೇಲ್ ಎಂದು ಉತ್ತರಿಸಿದರು. ಆ ಪದಕ್ಕೆ ಅಚ್ಚಿನಲ್ಲಿ ಈವರೆಗೆ ದೊರೆತಿರುವ ಮೊದಲ ಅರ್ಥವಿವರಣೆ ಅದೇ. ಇಂದಿನ ಓಲ್ಡ್ ಫ್ಯಾಷನ್ಡ್‌ನ ತಿರುಳಾಗಿರುವುದೂ ಅವೇ ನಾಲ್ಕು ಪದಾರ್ಥಗಳು.

ಅಂದರೆ ಆರಂಭದಲ್ಲಿ ಇದಕ್ಕೆ ಪ್ರತ್ಯೇಕ ಹೆಸರಿನ ಅಗತ್ಯವೇ ಇರಲಿಲ್ಲ. ಕಾಕ್‌ಟೇಲ್ ಎಂದರೆ ಇದೇ ಆಗಿತ್ತು. ಹತ್ತೊಂಬತ್ತನೆಯ ಶತಮಾನ ಮುಂದುವರಿದಂತೆ ಬಾರ್‌ಟೆಂಡರುಗಳು ಅದಕ್ಕೆ ಪರಿಮಳದ ಬೇರೆ ಮದ್ಯಗಳಾದ ಕುರಾಸೊ, ಮರಾಸ್ಕಿನೊ, ಆಬ್ಸಿಂತ್, ವರ್ಮೂತ್‌ಗಳನ್ನು ಒಂದೊಂದಾಗಿ ಸೇರಿಸತೊಡಗಿದರು. ಈ ಅಲಂಕಾರವೆಲ್ಲ ಬೇಡವೆನಿಸಿದ ಗಿರಾಕಿಗಳು ‘ನಮಗೆ ಹಳೆಯ ಕಾಲದ ಕಾಕ್‌ಟೇಲನ್ನೇ ಕೊಡಿ’ ಎಂದು ಕೇಳಲು ಶುರುಮಾಡಿದರು. ಅವರ ಬಾಯಲ್ಲಿದ್ದ ಆ ವಿಶೇಷಣವೇ ಕೊನೆಗೆ ಹೆಸರಾಗಿ ನಿಂತಿತು.

ಲೂಯಿವಿಲ್‌ನ ಕಥೆ ಬಹಳ ಪ್ರಸಿದ್ಧ. ಅಲ್ಲಿನ ಪೆಂಡೆನ್ನಿಸ್ ಕ್ಲಬ್ಬಿನ ಬಾರ್‌ಟೆಂಡರೊಬ್ಬರು ವಿಸ್ಕಿ ತಯಾರಕ ಜೇಮ್ಸ್ ಪೆಪ್ಪರ್ ಅವರಿಗಾಗಿ ಇದನ್ನು ರೂಪಿಸಿದರೆಂದು ಹೇಳಲಾಗುತ್ತದೆ. ಆದರೆ ಆ ಕ್ಲಬ್ಬು ಸ್ಥಾಪನೆಯಾದದ್ದು 1881ರಲ್ಲಿ. ‘ಹಳೆಯ ಕಾಲದ ಕಾಕ್‌ಟೇಲ್’ ಎಂಬ ಮಾತು ಷಿಕಾಗೊದ ಪತ್ರಿಕೆಯಲ್ಲಿ 1880ರಲ್ಲೇ ಕಾಣಿಸಿಕೊಂಡಿದೆ. ಇಸವಿಗಳೇ ಹೀಗೆ ಎದುರು ನಿಂತಿರುವಾಗ ಆ ಕಥೆಯನ್ನು ಒಪ್ಪುವುದು ನನಗೆ ಸಾಧ್ಯವಾಗುತ್ತಿಲ್ಲ.

ಪ್ರಶ್ನೆ: ನಾಲ್ಕೇ ಪದಾರ್ಥಗಳ ಇಷ್ಟು ಸರಳ ಪಾನೀಯ ಇಷ್ಟು ಕಾಲ ಬಾಳಿದ್ದು ಹೇಗೆ?

ಉತ್ತರ: ಇದರಲ್ಲಿ ಏನನ್ನೂ ಮರೆಮಾಚಲು ಬರುವುದಿಲ್ಲ ಎಂಬುದೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಹಣ್ಣಿನ ರಸವೂ ಕೆನೆಯೂ ಸೇರದ ಕಾರಣ ವಿಸ್ಕಿಯ ಗುಣದೋಷಗಳೆರಡೂ ನಾಲಿಗೆಗೆ ನೇರವಾಗಿ ತಾಕುತ್ತವೆ. ಸಕ್ಕರೆ ಮದ್ಯದ ಉರಿಯನ್ನು ತಗ್ಗಿಸುತ್ತದೆ, ಬಿಟರ್ಸ್‌ನ ಕಹಿ ಆ ಸಿಹಿಗೆ ಕಡಿವಾಣ ಹಾಕುತ್ತದೆ.

1895ರಲ್ಲಿ ಪ್ರಕಟವಾದ ಜಾರ್ಜ್ ಕ್ಯಾಪ್ಲರ್ ಅವರ ಕೈಪಿಡಿಯಲ್ಲಿ ಇದರ ಕ್ರಮ ಅಚ್ಚುಕಟ್ಟಾಗಿದೆ: ಸಕ್ಕರೆಯ ಚಿಕ್ಕ ಗಟ್ಟಿಯನ್ನು ಲೋಟದಲ್ಲಿ ತುಸು ನೀರಿನಿಂದ ಕರಗಿಸಿ, ಅಂಗೊಸ್ಟುರಾ ಬಿಟರ್ಸನ್ನು ಎರಡು ಸಲ ಚಿಮುಕಿಸಿ, ಒಂದು ತುಂಡು ಮಂಜುಗಡ್ಡೆ, ನಿಂಬೆಸಿಪ್ಪೆಯ ಚೂರು ಮತ್ತು ಒಂದು ಅಳತೆ ವಿಸ್ಕಿ ಹಾಕಿ ಕಲಕಿ, ಚಮಚವನ್ನು ಲೋಟದಲ್ಲೇ ಬಿಟ್ಟು ಕೊಡಬೇಕು. ಸಕ್ಕರೆಯನ್ನು ಮೊದಲು ನೀರಿನಲ್ಲೇ ಕರಗಿಸಬೇಕು ಎನ್ನುವುದರಲ್ಲಿ ಅನುಭವದ ತಿಳಿವಿದೆ. ಮದ್ಯದಲ್ಲಿ ಸಕ್ಕರೆ ಸುಲಭವಾಗಿ ಕರಗದು. ಆತುರಪಟ್ಟು ವಿಸ್ಕಿಯನ್ನು ಮೊದಲೇ ಸುರಿದರೆ ಹರಳುಗಳು ತಳದಲ್ಲೇ ಉಳಿದು, ಮೊದಲ ಗುಟುಕು ಒಗರಾಗಿಯೂ ಕೊನೆಯ ಗುಟುಕು ಪಾಕದಂತೆಯೂ ಇರುತ್ತದೆ.

ಅಂಗೊಸ್ಟುರಾ ಔಷಧವಾಗಿ ಹುಟ್ಟಿದ್ದು. ವೆನೆಜುವೆಲಾದ ಅಂಗೊಸ್ಟುರಾ ಪಟ್ಟಣದಲ್ಲಿ, ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಸಿಮೋನ್ ಬೊಲಿವಾರ್ ಅವರ ಸೇನೆಯ ವೈದ್ಯರಾಗಿದ್ದ ಜರ್ಮನ್ ಮೂಲದ ಯೋಹಾನ್ ಸೀಗರ್ಟ್ ಅವರು 1824ರಲ್ಲಿ, ಹೊಟ್ಟೆಯ ತೊಂದರೆಗಳಿಗಾಗಿ ಅದನ್ನು ಸಿದ್ಧಪಡಿಸಿದರು. ಈಗ ಅದು ಟ್ರಿನಿಡಾಡ್‌ನಲ್ಲಿ ತಯಾರಾಗುತ್ತದೆ. ಬಳಸುವುದು ಕೆಲವೇ ಹನಿಯಾದರೂ, ಅದನ್ನು ಬಿಟ್ಟರೆ ಉಳಿಯುವುದು ಸಿಹಿ ಮಾಡಿದ ವಿಸ್ಕಿ ಮಾತ್ರ.

ಇನ್ನು ನೀರು. ಈ ನಾಲ್ಕರಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದ ಪದಾರ್ಥ ಇದೇ, ಆದರೆ ನನ್ನ ಪಾಲಿಗೆ ಇದೇ ಪ್ರಾಣ. ಮಂಜುಗಡ್ಡೆ ಕರಗುತ್ತ ಹೋದಂತೆ ಲೋಟದಲ್ಲಿರುವ ಪಾನೀಯ ನಿಮಿಷದಿಂದ ನಿಮಿಷಕ್ಕೆ ಬದಲಾಗುತ್ತದೆ. ಮೊದಲು ಗಡುಸಾಗಿ ತೋರಿದ್ದು ಕ್ರಮೇಣ ಮೃದುವಾಗುತ್ತದೆ, ಮರದ ಪೀಪಾಯಿಯಿಂದ ಬಂದ ಸುವಾಸನೆ ಹೊರಗೆ ತೆರೆದುಕೊಳ್ಳುತ್ತದೆ. ಪುಡಿ ಐಸಿನ ಬದಲು ಒಂದೇ ದೊಡ್ಡ ಗಡ್ಡೆಯನ್ನು ಹಾಕುವುದೂ ಇದಕ್ಕಾಗಿಯೇ: ಗಾತ್ರಕ್ಕೆ ಹೋಲಿಸಿದರೆ ಅದರ ಮೇಲ್ಮೈ ಕಡಿಮೆ, ಆದ್ದರಿಂದ ನಿಧಾನವಾಗಿ ಕರಗುತ್ತದೆ.

ಪ್ರಶ್ನೆ: ಕಿತ್ತಳೆಯ ಹೋಳು ಮತ್ತು ಚೆರಿ ಹಣ್ಣನ್ನು ಜಜ್ಜಿ ಹಾಕುವುದು ಸರಿಯೇ?

ಉತ್ತರ: ಅಮೆರಿಕದಲ್ಲಿ ಬಹುಕಾಲ ಹಾಗೆಯೇ ಮಾಡುತ್ತಿದ್ದರು, ವಿಸ್ಕಾನ್ಸಿನ್ ರಾಜ್ಯದಲ್ಲಿ ವಿಸ್ಕಿಯ ಬದಲು ಬ್ರಾಂಡಿ ಹಾಕಿ, ಹಣ್ಣು ಜಜ್ಜಿ, ಮೇಲೆ ಸೋಡಾ ಸುರಿಯುವ ರೂಢಿ ಇಂದಿಗೂ ಇದೆ. ಅದನ್ನು ಮೆಚ್ಚುವವರ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ಹಣ್ಣಿನ ತಿರುಳು ಸೇರಿದೊಡನೆ ವಿಸ್ಕಿ ಹಿಂದೆ ಸರಿಯುತ್ತದೆ, ಹಳೆಯ ಗಿರಾಕಿಗಳು ಯಾವುದು ಬೇಡವೆಂದಿದ್ದರೋ ಅದೇ ಮರಳಿ ಬರುತ್ತದೆ. ಕಿತ್ತಳೆಯ ಪರಿಮಳ ಬೇಕಿದ್ದರೆ ಒಳಗಿನ ಬಿಳಿ ಭಾಗ ಬಾರದಂತೆ ಸಿಪ್ಪೆಯನ್ನು ತೆಳ್ಳಗೆ ಹೆರೆದು, ಬಣ್ಣದ ಬದಿ ಲೋಟದ ಕಡೆಗಿರುವಂತೆ ಹಿಡಿದು, ಎರಡು ಬೆರಳಿನಿಂದ ಒಮ್ಮೆ ಮಡಿಸಿ ಒತ್ತಿರಿ. ಬೆಳಕಿಗೆ ಎದುರಾಗಿ ನೋಡಿದರೆ ಎಣ್ಣೆಯ ಸಣ್ಣ ತುಂತುರು ಪಾನೀಯದ ಮೇಲೆ ಇಳಿಯುವುದು ಕಣ್ಣಿಗೆ ಕಾಣುತ್ತದೆ, ಅಷ್ಟು ಸಾಕು.