ಬಿಯರ್ ಜಾಹೀರಾತು ಬರೀ ಮಾತಾ, ಅದರ ಹಿಂದೆ ನಿಜವಾದ ಆವಿಷ್ಕಾರ ಏನಾದ್ರೂ ಇದೆಯಾ?

ಬಿಯರ್ ಸಾವಿರಾರು ವರ್ಷ ಹಳೆಯದು, ಅದರಲ್ಲಿ ಹೊಸದಾಗಿ ಕಂಡುಹಿಡಿಯೋಕೆ ಏನಿದೆ, ದೊಡ್ಡ ಹೆಸರುಗಳೆಲ್ಲ ಬರೀ ಜಾಹೀರಾತಿನಿಂದ ದೊಡ್ಡದಾದವಲ್ವಾ ಅಂತ ಕೇಳಿದ್ದೀರಿ. ನಾನು ಜಾಹೀರಾತು ಬರೆದು ಬದುಕುವವನು. ಬಿಯರ್ ಕಂಪನಿಗಳ ಹಳೆಯ ಜಾಹೀರಾತು ಓದುವುದು ನನಗೆ ತುಂಬಾ ಇಷ್ಟದ ಕೆಲಸ. ಓದುತ್ತಾ ಹೋದ ಹಾಗೆ ನನಗೆ ಖಚಿತವಾದದ್ದು ಇಷ್ಟು: ಒಳ್ಳೆಯ ಬಿಯರ್ ಜಾಹೀರಾತಿನ ಬುಡ ಕೆದಕಿದರೆ ಹೆಚ್ಚಿನ ಸಲ ಅಲ್ಲೊಂದು ಯಂತ್ರವೋ, ಯೀಸ್ಟ್ ಅನ್ನುವ ಹುದುಗಿಸುವ ಸೂಕ್ಷ್ಮಜೀವಿಯೋ, ಮುಚ್ಚಳವೋ ಸಿಗುತ್ತದೆ. ಜಾಹೀರಾತು ಬೇಕು ಎನ್ನುವ ಪರಿಸ್ಥಿತಿ ಬಂದದ್ದೇ ಆವಿಷ್ಕಾರಗಳಿಂದ.

ಮೊದಲು ಅದರ ಅಗತ್ಯವೇ ಅಷ್ಟಾಗಿ ಇರಲಿಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಮನೆಯಲ್ಲೇ ಏಲ್ ಎಂಬ ಬಗೆಯ ಬಿಯರ್ ಮಾಡಿ ಮಾರುವವರು ಬಾಗಿಲ ಮೇಲೆ ಒಂದು ಕೋಲು ಸಿಕ್ಕಿಸಿ ಅದರ ತುದಿಗೆ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಹೊಸದು ತಯಾರಾಗಿದೆ, ಬನ್ನಿ ಅಂತ ಅದರ ಅರ್ಥ. ಜರ್ಮನಿಯ ಓಬರ್‌ಫಾಲ್ಜ್ ಕಡೆ ಈಗಲೂ ಕೆಲವು ಮನೆಗಳ ಮುಂದೆ ಅದೇ ಅರ್ಥದಲ್ಲಿ ಆರು ಮೂಲೆಯ ನಕ್ಷತ್ರ ತೂಗುಹಾಕುತ್ತಾರೆ. ಅಷ್ಟು ಸಾಕಿತ್ತು. ಬಿಯರ್ ಬೇಗ ಹುಳಿಯಾಗುತ್ತಿತ್ತು, ಸಾಮಾನ್ಯವಾಗಿ ದೂರ ಹೋಗುತ್ತಿರಲಿಲ್ಲ. ಕುಡಿಯುವವನಿಗೆ ಮಾಡಿದವನ ಮುಖ ಗೊತ್ತಿರುತ್ತಿತ್ತು.

19ನೇ ಶತಮಾನದಲ್ಲಿ ಇದೆಲ್ಲ ತಲೆಕೆಳಗಾಯಿತು. 1842ರ ಅಕ್ಟೋಬರ್‌ನಲ್ಲಿ ಬೊಹೀಮಿಯಾದ (ಈಗಿನ ಜೆಕ್ ದೇಶದ) ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಎಂಬ ಜರ್ಮನಿಯ ಬವೇರಿಯಾದ ಬಿಯರ್ ತಯಾರಕ, ತಿಳಿ ಬಣ್ಣದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಳಸಿ ಚಿನ್ನದ ಬಣ್ಣದ ಲಾಗರ್, ಅಂದರೆ ತಣ್ಣಗೆ ನಿಧಾನವಾಗಿ ಹುದುಗಿಸುವ ಬಿಯರ್ ತಯಾರಿಸಿದ. ಅಲ್ಲಿವರೆಗೆ ಜನ ನೋಡಿದ್ದು ಹೆಚ್ಚಾಗಿ ಕಂದು, ಮಸುಕು ಬಣ್ಣದ್ದು. ಲಾಗರ್‌ನ ಕಷ್ಟ ಅಂದರೆ ಅದಕ್ಕೆ ತಣ್ಣಗಿನ ಜಾಗ ಬೇಕು. ಬವೇರಿಯಾದಲ್ಲಂತೂ ಬೇಸಿಗೆಯಲ್ಲಿ ಬಿಯರ್ ಮಾಡಲೇಬಾರದು ಅಂತ 1553ರಿಂದಲೇ ನಿಯಮ ಇತ್ತು. ಕೆರೆಗಳ ಮಂಜುಗಡ್ಡೆ ಕೊಯ್ದು ತಂದು ನೆಲಮಾಳಿಗೆ ತುಂಬಿಸಬೇಕಿತ್ತು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತಣ್ಣಗೆ ಮಾಡುವ ಯಂತ್ರ ಕಟ್ಟಿದಾಗ ಅದಕ್ಕೆ ದುಡ್ಡು ಹಾಕಿ, ಜಾಗ ಕೊಟ್ಟು, ಬೆನ್ನಿಗೆ ನಿಂತವರು ಬ್ರೂವರಿಗಳ, ಅಂದರೆ ಬಿಯರ್ ಕಾರ್ಖಾನೆಗಳ ಮಾಲೀಕರೇ. ಮ್ಯೂನಿಕ್‌ನ ಸ್ಪಾಟೆನ್ ಬ್ರೂವರಿ ಅವನ ಪ್ರಯೋಗಶಾಲೆಯಂತೆಯೇ ಆಗಿತ್ತು. ಇವತ್ತು ಮನೆಮನೆಯಲ್ಲಿ ಇರುವ ಫ್ರಿಜ್‌ನ ವಂಶಾವಳಿಯಲ್ಲಿ ಬಿಯರ್‌ನ ಹೆಸರು ದೊಡ್ಡದಾಗಿಯೇ ಇದೆ.

ಆಮೇಲೆ ಯೀಸ್ಟ್. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸನ್ 1883ರಲ್ಲಿ ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ತಳಿ ಬೆಳೆಸುವುದನ್ನು ಸಾಧಿಸಿದ. ಬಿಯರ್ ಕೆಡುವುದಕ್ಕೆ ಬ್ಯಾಕ್ಟೀರಿಯಾ ಮಾತ್ರವಲ್ಲ, ನುಸುಳಿ ಬರುವ ಕಾಡು ಯೀಸ್ಟ್ ಕೂಡ ಕಾರಣ ಅಂತ ತೋರಿಸಿಕೊಟ್ಟ. ಮಾಲೀಕ ಯಾಕೋಬ್ಸನ್ ಆ ಯೀಸ್ಟನ್ನು ಬಚ್ಚಿಡದೆ ಬೇರೆ ಬ್ರೂವರಿಗಳಿಗೂ ಕೊಟ್ಟ. ಇದು ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ. ಅದೇ ಪ್ರಯೋಗಾಲಯದಲ್ಲೇ 1909ರಲ್ಲಿ ಸೋರೆನ್‌ಸನ್ ಪಿಎಚ್ ಅಳತೆ ತಂದದ್ದು, ಶಾಲೆಯಲ್ಲಿ ನಾವೆಲ್ಲ ಓದಿದ್ದೇವಲ್ಲ, ಅದೇ.

ಇಷ್ಟಾದ ಮೇಲೆ ಬಿಯರ್ ದೂರ ಹೋಗಬಲ್ಲದಾಯಿತು. ರೈಲು ಇತ್ತು, ಐಸ್ ತುಂಬಿದ ಬೋಗಿ ಇತ್ತು, ಬಿಸಿ ಮಾಡಿ ಕೆಡದಂತೆ ಇಡುವ ಪಾಶ್ಚರೀಕರಣ ಇತ್ತು. ಬಾಲ್ಟಿಮೋರ್‌ನ ವಿಲಿಯಂ ಪೇಂಟರ್ 1892ರಲ್ಲಿ ಪೇಟೆಂಟ್ ಪಡೆದ ತಗಡಿನ ಮುಚ್ಚಳವೂ ಬಂತು. ಮೊದಲು ಅದಕ್ಕೆ 24 ಹಲ್ಲು, ಈಗ 21. ಗ್ಯಾಸ್ ಹೊರಹೋಗದಂತೆ ಬಾಟಲಿ ಮುಚ್ಚುವುದು ಅಗ್ಗವಾಯಿತು. ಆದರೆ ಕುಡಿಯುವವನಿಗೆ ಈಗ ಮಾಡಿದವನ ಮುಖ ಗೊತ್ತಿಲ್ಲ. ಬಾಟಲಿ ಮೇಲಿನ ಗುರುತೇ ಗತಿ. ಬ್ರಿಟನ್‌ನಲ್ಲಿ ಟ್ರೇಡ್‌ಮಾರ್ಕ್ ಕಾಯಿದೆ ಜಾರಿಯಾದ 1876ರ ಜನವರಿ 1ರಂದು ಮೊದಲ ನಂಬರಿನಲ್ಲಿ ನೋಂದಣಿಯಾದದ್ದು ಬಾಸ್ ಬ್ರೂವರಿಯ ಕೆಂಪು ತ್ರಿಕೋನ. ಚಿತ್ರಕಾರ ಮಾನೆ 1882ರಲ್ಲಿ ಮುಗಿಸಿದ ಪ್ಯಾರಿಸ್ ಬಾರ್‌ನ ಚಿತ್ರದಲ್ಲೂ ಆ ತ್ರಿಕೋನದ ಬಾಟಲಿ ಕಾಣುತ್ತದೆ. ಅಮೆರಿಕದ ಪ್ಯಾಬ್ಸ್ಟ್ ಕಂಪನಿ 1880ರ ದಶಕದಿಂದ ಬಾಟಲಿಯ ಕತ್ತಿಗೆ ನಿಜವಾದ ನೀಲಿ ರೇಷ್ಮೆ ರಿಬ್ಬನ್ ಕಟ್ಟುತ್ತಿತ್ತು. ಅಂಗಡಿಗೆ ಬಂದವರು ಆ ರಿಬ್ಬನ್ ಇರೋದು ಕೊಡಿ ಅಂತಲೇ ಕೇಳುತ್ತಿದ್ದರು. ಕೊನೆಗೆ ಅದೇ ಬಿಯರ್‌ನ ಹೆಸರಾಯಿತು.

ಈಗ ನನಗೆ ತುಂಬಾ ಇಷ್ಟವಾದ ಕಥೆಗೆ ಬರುತ್ತೇನೆ. ಮಿಲ್ವಾಕಿಯ ಶ್ಲಿಟ್ಜ್ ಕಂಪನಿ. 1900ರ ಆಸುಪಾಸಿನಲ್ಲಿ ಅಮೆರಿಕದ ಬ್ರೂವರಿಗಳೆಲ್ಲ ಒಂದೇ ಮಾತು ಕೂಗುತ್ತಿದ್ದವು: ನಮ್ಮದು ಶುದ್ಧ ಬಿಯರ್. ಆ ಒಂದು ಪದವನ್ನು ಇನ್ನೂ ದೊಡ್ಡ ಅಕ್ಷರದಲ್ಲಿ ಹಾಕಲು ಎರಡೆರಡು ಪುಟ ಕೊಳ್ಳುತ್ತಿದ್ದರು. ಓದುವವರಿಗೆ ಅದು ನಾಟುತ್ತಲೇ ಇರಲಿಲ್ಲ. ಶ್ಲಿಟ್ಜ್‌ನವರು ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತು ಬರಹಗಾರನನ್ನು ಕರೆದರು. ಅವನು ಮೊದಲು ಬಿಯರ್ ತಯಾರಿಕೆ ಕಲಿಸುವ ಶಾಲೆಗೆ ಹೋಗಿ ಪಾಠ ಕೇಳಿದ. ಆಮೇಲೆ ಬ್ರೂವರಿ ಸುತ್ತಿದ.

ಅಲ್ಲಿ ಅವನು ಕಂಡದ್ದನ್ನು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಗಾಜಿನ ಗೋಡೆಯ ಕೋಣೆ, ಒಳಗೆ ಕೊಳವೆಗಳ ಮೇಲೆ ತೊಟ್ಟಿಕ್ಕುತ್ತಾ ತಣ್ಣಗಾಗುವ ಬಿಯರ್. ಆ ಕೋಣೆಗೆ ಹೋಗುವ ಗಾಳಿಯನ್ನೂ ಸೋಸುತ್ತಾರೆ. ಮರದ ತಿರುಳು ತುಂಬಿದ ದೊಡ್ಡ ಫಿಲ್ಟರ್‌ಗಳು. ಪಂಪು, ಕೊಳವೆಗಳನ್ನು ದಿನಕ್ಕೆರಡು ಸಲ ತೊಳೆಯುತ್ತಾರೆ. ಒಂದೊಂದು ಬಾಟಲಿಯನ್ನೂ ಯಂತ್ರದಲ್ಲಿ ನಾಲ್ಕು ಸಲ ತೊಳೆಯುತ್ತಾರೆ. ಪಕ್ಕದಲ್ಲೇ ಮಿಷಿಗನ್ ಸರೋವರ ಇದ್ದರೂ ನೀರು 4,000 ಅಡಿ ಆಳದ ಬಾವಿಯಿಂದ ಬರುತ್ತದೆ. ಯೀಸ್ಟ್‌ನ ಮೂಲ ಕೋಶ 1,200 ಪ್ರಯೋಗಗಳ ಫಲ. ಇದನ್ನೆಲ್ಲ ಜನರಿಗೆ ಯಾಕೆ ಹೇಳುವುದಿಲ್ಲ ಅಂತ ಅವನು ಕೇಳಿದ. ಇದರಲ್ಲೇನಿದೆ, ಒಳ್ಳೆಯ ಬಿಯರ್ ಮಾಡುವವರೆಲ್ಲ ಹೀಗೇ ಮಾಡುತ್ತಾರೆ ಅಂದರು ಕಂಪನಿಯವರು. ಆದರೆ ಬೇರೆ ಯಾರೂ ಅದನ್ನು ಹೇಳಿಲ್ಲವಲ್ಲ ಅನ್ನುವುದು ಅವನ ಉತ್ತರ. ಕಂಡದ್ದನ್ನು ಕಂಡ ಹಾಗೆ ಬರೆದ. ಐದನೇ ಸ್ಥಾನದಲ್ಲಿದ್ದ ಶ್ಲಿಟ್ಜ್ ಕೆಲವೇ ತಿಂಗಳಲ್ಲಿ ಮೊದಲನೇ ಸ್ಥಾನದವರ ಸರಿಸಮಕ್ಕೆ ಬಂತು ಎಂದು ಅವನೇ ಹೇಳುತ್ತಾನೆ.

ಇದನ್ನು ಕೆಲವರು ಚಾಲಾಕಿತನ ಅನ್ನುತ್ತಾರೆ, ಎಲ್ಲರೂ ಮಾಡುವುದನ್ನು ತನ್ನದು ಅಂದುಕೊಂಡ ಅಂತ. ನಾನು ಒಪ್ಪುವುದಿಲ್ಲ. ಅವನು ಬರೆದ ಯಂತ್ರಗಳು ನಿಜವಾಗಿ ಅಲ್ಲಿದ್ದವು. ಶುದ್ಧ ಅನ್ನುವ ಪದಕ್ಕಿಂತ ನಾಲ್ಕು ಸಲ ತೊಳೆದ ಬಾಟಲಿ ಹೆಚ್ಚು ಪ್ರಾಮಾಣಿಕ. ಕೆಲವು ವರ್ಷಗಳ ಮೇಲೆ ಶ್ಲಿಟ್ಜ್ ಇದೇ ಜಾಡಿನಲ್ಲಿ ಕಂದು ಬಾಟಲಿಯ ಬಗ್ಗೆ ಜಾಹೀರಾತು ಮಾಡಿತು. ಅದರ ಹಿಂದೆಯೂ ರಸಾಯನಶಾಸ್ತ್ರ ಇದೆ. ಬಿಯರ್‌ಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶದ ಮೇಲೆ ಬೆಳಕು ಬಿದ್ದರೆ ಗಂಧಕ ಸೇರಿದ ಒಂದು ವಸ್ತು ಹುಟ್ಟಿ ಕೆಟ್ಟ ವಾಸನೆ ಬರುತ್ತದೆ. ಕಂದು ಗಾಜು ಆ ಬೆಳಕನ್ನು ತಡೆಯುತ್ತದೆ, ಬಣ್ಣವಿಲ್ಲದ ಗಾಜು ತಡೆಯುವುದಿಲ್ಲ.

ಇದೇ ಶ್ಲಿಟ್ಜ್ 1970ರ ದಶಕದಲ್ಲಿ ಕೆಟ್ಟ ದಾರಿ ಹಿಡಿಯಿತು. ಖರ್ಚು ಉಳಿಸಲು ಹುದುಗುವ ಸಮಯ ಕಡಿಮೆ ಮಾಡಿದರು, ಬಾರ್ಲಿಯ ಒಂದು ಪಾಲಿಗೆ ಬದಲು ಕಾರ್ನ್ ಸಿರಪ್ ಹಾಕಿದರು. 1976ರಲ್ಲಿ ಬಿಯರ್ ಮಬ್ಬಾಗದಂತೆ ಹೊಸದೊಂದು ಪದಾರ್ಥ ಸೇರಿಸಿದರು. ಅದು ನೊರೆ ನಿಲ್ಲಲು ಮೊದಲೇ ಹಾಕುತ್ತಿದ್ದ ಪದಾರ್ಥದ ಜೊತೆ ಸೇರಿ ಬಾಟಲಿಯೊಳಗೆ ಬಿಳಿ ಚಕ್ಕೆಗಳಾಗಿ ತೇಲತೊಡಗಿತು. ಸುಮಾರು 1 ಕೋಟಿ ಬಾಟಲಿ ಮತ್ತು ಕ್ಯಾನ್‌ಗಳನ್ನು ಗುಟ್ಟಾಗಿ ವಾಪಸ್ ತರಿಸಿಕೊಂಡರು. 1977ರಲ್ಲಿ ಟಿವಿಯಲ್ಲಿ, ತಮ್ಮ ಶ್ಲಿಟ್ಜ್ ಬಿಟ್ಟುಕೊಡಲು ಒಪ್ಪದೆ ಗದರುವ ದಡೂತಿ ಗಂಡಸರ ಜಾಹೀರಾತು ಬಿಟ್ಟರು. ನೋಡಿದವರಿಗೆ ಅದು ಬೆದರಿಕೆಯ ಹಾಗೆ ಕಂಡಿತು. ಕೆಲವೇ ವಾರಗಳಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. 1982ರಲ್ಲಿ ಕಂಪನಿ ಡೆಟ್ರಾಯಿಟ್‌ನ ಸ್ಟ್ರೋ ಬ್ರೂವರಿಯ ಪಾಲಾಯಿತು. ಹೇಳಿಕೊಳ್ಳುವಂಥದ್ದು ಬ್ರೂವರಿಯೊಳಗೆ ಉಳಿದಿರಲಿಲ್ಲ. ಹಾಪ್ಕಿನ್ಸ್‌ನೇ ಮತ್ತೆ ಬಂದಿದ್ದರೂ ಏನು ಬರೆಯುತ್ತಿದ್ದ?

ಕ್ಯಾನ್‌ನ ಕಥೆ ಸ್ವಲ್ಪ ಚಿಕ್ಕದು. ಆಹಾರ ತುಂಬುವ ಡಬ್ಬಿಯಲ್ಲಿ ಬಿಯರ್ ತುಂಬಿದರೆ ಎರಡು ತೊಂದರೆ: ಒತ್ತಡಕ್ಕೆ ಡಬ್ಬಿ ಒಡೆಯುತ್ತದೆ, ಬಿಯರ್‌ಗೆ ಲೋಹದ ರುಚಿ ಹತ್ತುತ್ತದೆ. ಅಮೆರಿಕನ್ ಕ್ಯಾನ್ ಕಂಪನಿ ಗಟ್ಟಿ ಡಬ್ಬಿ ಮಾಡಿ, ಒಳಗೆ ತೆಳುವಾದ ಲೇಪ ಕೊಟ್ಟಿತು. ದೊಡ್ಡ ಬ್ರೂವರಿಗಳು ಹಿಂದೇಟು ಹಾಕಿದವು. ನ್ಯೂವಾರ್ಕ್‌ನ ಕ್ರೂಗರ್ ಎಂಬ ಸಣ್ಣ ಕಂಪನಿ ಧೈರ್ಯ ಮಾಡಿತು. ಆದರೂ ಕೆಟ್ಟ ಹೆಸರು ಬಂದರೆ ತಮ್ಮೂರಲ್ಲಿ ಬೇಡ ಅಂತ 1935ರ ಜನವರಿ 24ರಂದು ದೂರದ ರಿಚ್ಮಂಡ್‌ನಲ್ಲಿ ಮಾರಾಟಕ್ಕಿಟ್ಟಿತು. ಜನ ಕೈಹಿಡಿದರು. ಆಗಿನ ಕ್ಯಾನ್‌ಗಳ ಮೈಮೇಲೆ ಅದನ್ನು ಹೇಗೆ ತೆರೆಯಬೇಕು ಅಂತ ಚಿತ್ರವೇ ಇರುತ್ತಿತ್ತು, ಯಾಕೆಂದರೆ ತೂತು ಕೊರೆಯುವ ಓಪನರ್ ಬೇಕಿತ್ತು. 1959ರಲ್ಲಿ ಒಹಾಯೊದ ಎರ್ಮಲ್ ಫ್ರೇಜ್ ಪಿಕ್‌ನಿಕ್‌ಗೆ ಓಪನರ್ ಮರೆತು ಹೋಗಿ ಕಾರಿನ ಬಂಪರ್‌ಗೆ ಒತ್ತಿ ಕ್ಯಾನ್ ತೆರೆಯಬೇಕಾಯಿತು. ಅಲ್ಲಿಂದ ಹುಟ್ಟಿದ್ದು ಎಳೆದು ತೆರೆಯುವ ಬಿಲ್ಲೆ. 1962ರಲ್ಲಿ ಪಿಟ್ಸ್‌ಬರ್ಗ್‌ನ ಐರನ್ ಸಿಟಿ ಬಿಯರ್ ಅದನ್ನು ಮೊದಲು ಬಳಸಿತು.

ಇಲ್ಲಿವರೆಗೆ ಆವಿಷ್ಕಾರ ಇದ್ದರೆ ಸಾಕು ಅನ್ನುವ ಹಾಗೆ ಬರೆದೆ. ಲೈಟ್ ಬಿಯರ್ ಇದಕ್ಕೆ ಇನ್ನೊಂದು ಮುಖ. ನ್ಯೂಯಾರ್ಕ್‌ನ ರೈನ್‌ಗೋಲ್ಡ್ ಬ್ರೂವರಿಯಲ್ಲಿ ಜೋಸೆಫ್ ಒವೇಡ್ಸ್ ಎಂಬ ಜೀವರಸಾಯನ ವಿಜ್ಞಾನಿ ಇದ್ದ. ಮಾಲ್ಟ್‌ನ ಪಿಷ್ಟ ಒಡೆದು ಸಕ್ಕರೆಯಾದಾಗ ಒಂದಷ್ಟು ದೊಡ್ಡ ತುಣುಕುಗಳು ಯೀಸ್ಟ್‌ಗೆ ದಕ್ಕದೆ ಬಿಯರ್‌ನಲ್ಲೇ ಉಳಿದುಬಿಡುತ್ತವೆ. ಒವೇಡ್ಸ್ ಒಂದು ಕಿಣ್ವ ಬಳಸಿ ಅವನ್ನೂ ಒಡೆದ. ಯೀಸ್ಟ್ ಎಲ್ಲವನ್ನೂ ತಿಂದು ಮುಗಿಸಿತು. ಉಳಿದದ್ದು ಕಡಿಮೆ ಕ್ಯಾಲೊರಿಯ ಬಿಯರ್. 1967ರಲ್ಲಿ ಅದನ್ನು ಗ್ಯಾಬ್ಲಿಂಗರ್ಸ್ ಎಂಬ ಹೆಸರಿನಲ್ಲಿ ಡಯೆಟ್ ಬಿಯರ್ ಅಂತ ಮಾರಿದರು. ಸೋತುಹೋಯಿತು. ಸಂಜೆ ಗೆಳೆಯರ ಜೊತೆ ಕೂತವರಿಗೆ ಪಥ್ಯದ ಮಾತು ಯಾಕೆ ಬೇಕು ಹೇಳಿ?

ಕೆಲವೇ ವರ್ಷಗಳಲ್ಲಿ ಮಿಲ್ಲರ್ ಕಂಪನಿ ಇಂಥದ್ದೇ ಬಿಯರನ್ನು ಕೈಗೆತ್ತಿಕೊಂಡು 1975ರಲ್ಲಿ ದೇಶದಾದ್ಯಂತ ಬಿಟ್ಟಿತು. ಈ ಸಲ ಡಯೆಟ್ ಪದ ಎಲ್ಲೂ ಇಲ್ಲ. ನಿವೃತ್ತ ಆಟಗಾರರು ಬಾರ್‌ನಲ್ಲಿ ಕೂತು ಜಗಳಾಡುತ್ತಾರೆ: ರುಚಿ ಚೆನ್ನಾಗಿದೆ ಅಂತ ಒಬ್ಬ, ಹೊಟ್ಟೆ ಭಾರ ಆಗಲ್ಲ ಅಂತ ಇನ್ನೊಬ್ಬ. ಆಗ ಆಡುತ್ತಿದ್ದ ಆಟಗಾರರನ್ನು ಬಿಯರ್ ಜಾಹೀರಾತಿಗೆ ಹಾಕುವಂತಿರಲಿಲ್ಲ, ಅದಕ್ಕೇ ನಿವೃತ್ತರು. ಏಳನೇ ಸ್ಥಾನದಲ್ಲಿದ್ದ ಮಿಲ್ಲರ್ ಆ ದಶಕ ಮುಗಿಯುವಷ್ಟರಲ್ಲಿ ಎರಡನೆಯದಾಗಿತ್ತು. ವಿಜ್ಞಾನ ಹೆಚ್ಚು ಕಡಿಮೆ ಅದೇ, ಹೇಳಿದ ರೀತಿ ಬೇರೆ. ನನ್ನ ವೃತ್ತಿಯ ಮೇಲೆ ನನಗೆ ಗೌರವ ಇರುವುದು ಇಂಥ ಕಾರಣಕ್ಕೇ.

ಆವಿಷ್ಕಾರ, ಜಾಹೀರಾತು ಎರಡೂ ಒಂದೇ ಮನೆಯಲ್ಲಿ ಚೆನ್ನಾಗಿ ಬಾಳಿದ್ದು ನೋಡಬೇಕೆಂದರೆ ಡಬ್ಲಿನ್‌ನ ಗಿನ್ನಿಸ್ ಬ್ರೂವರಿ ನೋಡಿ. ಅಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್, ಕೆಲವೇ ಮಾದರಿಗಳನ್ನು ಇಟ್ಟುಕೊಂಡು ನಂಬಬಹುದಾದ ತೀರ್ಮಾನಕ್ಕೆ ಬರುವುದು ಹೇಗೆ ಎಂದು ತಲೆಕೆಡಿಸಿಕೊಂಡು 1908ರಲ್ಲಿ ಸ್ಟೂಡೆಂಟ್ ಎಂಬ ಗುಪ್ತನಾಮದಲ್ಲಿ ಬರೆದ ಲೇಖನವೇ ಸಂಖ್ಯಾಶಾಸ್ತ್ರದ ಟಿ-ಪರೀಕ್ಷೆಗೆ ಮೂಲ. ಜಾಹೀರಾತಿಗೆ ಕಂಪನಿ ಇಳಿದದ್ದು ತಡವಾಗಿ, 1929ರಲ್ಲಿ. ಗಿನ್ನಿಸ್ ನಿಮಗೆ ಒಳ್ಳೆಯದು ಎನ್ನುವ ಘೋಷಣೆ ಆಗ ಬಂದದ್ದು. ಆರೋಗ್ಯದ ಈ ಮಾತು ನನಗೆ ಸರಿ ಕಾಣುವುದಿಲ್ಲ, ಇವತ್ತು ಹಾಗೆ ಬರೆಯಲು ನಿಯಮವೂ ಬಿಡುವುದಿಲ್ಲ. ಜಾನ್ ಗಿಲ್ರಾಯ್ ಬರೆದ ಟೂಕನ್ ಹಕ್ಕಿಯ ಚಿತ್ರಗಳು ಮಾತ್ರ ಈಗಲೂ ಕಣ್ಣಿಗೆ ಹಬ್ಬ.

1959ರಲ್ಲಿ ಅಲ್ಲಿನ ಮೈಕೆಲ್ ಆಶ್ ಎಂಬ ಗಣಿತಜ್ಞ ಬಿಯರ್‌ಗೆ ಇಂಗಾಲದ ಡೈ ಆಕ್ಸೈಡ್ ಜೊತೆ ಸಾರಜನಕ ಬೆರೆಸಿ ಕೊಡುವ ವ್ಯವಸ್ಥೆ ಮಾಡಿದ. ಸಾರಜನಕ ಬಿಯರ್‌ನಲ್ಲಿ ಅಷ್ಟಾಗಿ ಕರಗುವುದಿಲ್ಲ. ಹಾಗಾಗಿ ಗುಳ್ಳೆ ತೀರಾ ಸಣ್ಣ, ನೊರೆ ದಪ್ಪ, ಬೇಗ ಇಳಿಯುವುದೂ ಇಲ್ಲ. ಅದನ್ನು ಕ್ಯಾನ್‌ಗೆ ತರಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಕ್ಯಾನ್ ಅಲ್ಲಾಡಿಸಿದರೆ ಒಳಗೆ ಏನೋ ಸದ್ದಾಗುತ್ತದಲ್ಲ, ಅದು ಸೂಜಿಮೊನೆಯಷ್ಟು ತೂತಿರುವ ಪ್ಲಾಸ್ಟಿಕ್ ಗೋಲಿ. ತುಂಬುವಾಗ ಒಂದು ಹನಿ ದ್ರವ ಸಾರಜನಕ ಹಾಕಿ ಮುಚ್ಚುತ್ತಾರೆ. ಒತ್ತಡ ಏರಿ ಗ್ಯಾಸು, ಸ್ವಲ್ಪ ಬಿಯರು ಗೋಲಿಯೊಳಗೆ ನುಗ್ಗುತ್ತದೆ. ಕ್ಯಾನ್ ತೆರೆದ ಕ್ಷಣ ಹೊರಗಿನ ಒತ್ತಡ ಇಳಿಯುತ್ತದೆ, ಗೋಲಿಯೊಳಗಿನದು ತೂತಿನಿಂದ ಚಿಮ್ಮುತ್ತದೆ, ಇಡೀ ಕ್ಯಾನ್‌ನಲ್ಲಿ ಗುಳ್ಳೆ ಏಳುತ್ತದೆ. 1991ರಲ್ಲಿ ಇದಕ್ಕೆ ಬ್ರಿಟನ್ ರಾಣಿಯ ತಂತ್ರಜ್ಞಾನ ಪ್ರಶಸ್ತಿಯೂ ಬಂತು.

ಸಾರಜನಕದ ಬಿಯರ್ ಲೋಟದಲ್ಲಿ ನೊರೆ ಮೇಲೇರಿ ತಿಳಿಯಾಗಲು ಹೊತ್ತು ಬೇಕು. ಬಾರ್‌ನಲ್ಲಿ ಕಾಯುವವನಿಗೆ ಅದು ಕಿರಿಕಿರಿ. ಗಿನ್ನಿಸ್‌ನ ಜಾಹೀರಾತುಗಾರರು 1990ರ ದಶಕದ ಕೊನೆಯಲ್ಲಿ ಆ ಕಾಯುವುದನ್ನೇ ಮಾತಾಗಿಸಿದರು, ಕಾದವರಿಗೆ ಒಳ್ಳೆಯದು ಸಿಗುತ್ತದೆ ಅಂತ. 1999ರ ಅವರ ಟಿವಿ ಜಾಹೀರಾತಿನಲ್ಲಿ ಸರ್ಫಿಂಗ್ ಮಾಡುವವರು ದೊಡ್ಡ ಅಲೆಗಾಗಿ ಕಾಯುತ್ತಾರೆ, ಅಲೆ ಬಂದಾಗ ಅದರ ನೊರೆಯಿಂದ ಬಿಳಿ ಕುದುರೆಗಳು ಎದ್ದು ಬರುತ್ತವೆ. ಸಿಕ್ಕರೆ ಒಮ್ಮೆ ನೋಡಿ. ಆ ಕಾಯುವಿಕೆಯ ಹಿಂದೆ ಆಶ್‌ನ ಸಾರಜನಕ ಇದೆ ಅನ್ನುವುದು ನೆನಪಿದ್ದರೆ, ನೀವು ಕೇಳಿದ ಪ್ರಶ್ನೆಯ ಎರಡೂ ಭಾಗ ಅದೊಂದರಲ್ಲೇ ಕಾಣಿಸುತ್ತವೆ.