ಮುಖ ನುಣುಪು, ಹಿನ್ನೆಲೆ ಬಿರುಕು: ಓದುಗರ ಎರಡು ಪ್ರಶ್ನೆ

ಪ್ರಶ್ನೆ: 1820ರ ಆಸುಪಾಸಿನ ಕೆಲವು ಇಂಗ್ಲಿಷ್ ಭಾವಚಿತ್ರಗಳಲ್ಲಿ ಕಪ್ಪು ಹಿನ್ನೆಲೆ ಬೇಸಿಗೆಯ ಕೆರೆಯಂಗಳದಂತೆ ಸೀಳಿರುತ್ತದೆ, ಮುಖ ಮಾತ್ರ ನುಣುಪಾಗಿರುತ್ತದೆ. ಒಂದೇ ಕ್ಯಾನ್ವಾಸಿನಲ್ಲಿ ಹೀಗೇಕೆ?

ಉತ್ತರ: ತಪ್ಪು ವಯಸ್ಸಿನದಲ್ಲ, ಬಣ್ಣದ್ದು. ಮೈಬಣ್ಣದಲ್ಲಿ ಸೀಸದ ಬಿಳಿ ಧಾರಾಳವಾಗಿರುತ್ತಿತ್ತು. ಸೀಸ ಅಗಸೆ ಎಣ್ಣೆಯನ್ನು ಬೇಗ ಒಣಗಿಸುತ್ತದೆ, ಪದರ ಗಟ್ಟಿಯಾಗಿ ಕೂರುತ್ತದೆ. ನೆರಳಿಗೆ ಮಾತ್ರ ಅಂದಿನ ಹಲವರು ಬಿಟುಮೆನ್ ಹಚ್ಚಿದರು. ಡಾಂಬರಿನ ಬಳಗದ ವಸ್ತು ಅದು. ಹಚ್ಚಿದ ದಿನ ಜೇನಿನಂಥ ಬೆಚ್ಚನೆಯ ಪಾರದರ್ಶಕ ಕಂದು, ಅದಕ್ಕೇ ಅಷ್ಟು ಮೋಹ. ಆದರೆ ಅದು ಪೂರ್ತಿ ಒಣಗುವುದೇ ಇಲ್ಲ. ಮೇಲಿನ ಪದರ ಒಣಗಿ ಕುಗ್ಗುವಾಗ ಅಡಿಯ ಮೆತ್ತನೆಯದು ಜಾರಿ, ಮೇಲಿನದು ಹೋಳಾಗುತ್ತದೆ. ವಯಸ್ಸಿನ ಬಿರುಕು ಕೂದಲೆಳೆಯಷ್ಟು ಸಪೂರ, ಅಂಚು ಚೂಪು. ಬಿಟುಮೆನ್ ಬಿರುಕು ಅಗಲ, ಹೋಳುಗಳ ಅಂಚು ಗುಂಡಗೆ. ಗುರುತಿಸಲು ಇಷ್ಟು ಸಾಕು.

ಇನ್ನೊಂದು ಅಪರಾಧಿ, ಬಣ್ಣಕ್ಕೆ ಬೆರೆಸುತ್ತಿದ್ದ ಮೆಗಿಲ್ಪ್. ಮ್ಯಾಸ್ಟಿಕ್ ಎಂಬ ಮರದ ಅಂಟಿನ ವಾರ್ನಿಷನ್ನೂ ಸೀಸ ಹಾಕಿ ಕುದಿಸಿದ ಅಗಸೆ ಎಣ್ಣೆಯನ್ನೂ ಬೆರೆಸಿದರೆ ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆ. ಕುಂಚ ಸಲೀಸಾಗಿ ಓಡುತ್ತದೆ, ಹೊಳಪೂ ಬರುತ್ತದೆ. ಕಾಲ ಕಳೆದಂತೆ ಅದು ಹಳದಿಯಾಗಿ ಪೆಡಸಾಗುತ್ತದೆ. ನಿಜವಾದ ಅಪಾಯ ಸ್ವಚ್ಛ ಮಾಡುವಾಗ: ಹಳೆಯ ವಾರ್ನಿಷ್ ಕರಗಿಸುವ ಆಲ್ಕೊಹಾಲ್ ಬಣ್ಣದೊಳಗಿನ ಮ್ಯಾಸ್ಟಿಕ್ಕನ್ನೂ ಕರಗಿಸಿಬಿಡುತ್ತದೆ. ಹಾಗೆಯೇ ಹಿಂದಿನಿಂದ ಹೊಸ ಬಟ್ಟೆ ಅಂಟಿಸಲು ಬಿಸಿ ಇಸ್ತ್ರಿ ಒತ್ತಿದರೆ ಬಿಟುಮೆನ್ ಮತ್ತೆ ಮೆತ್ತಗಾಗುತ್ತದೆ. ಬಿರುಕಿಗೆ ಬಣ್ಣ ತುಂಬಿ ಕಣ್ಣಿಗೆ ಮರೆಸಬಹುದೇ ಹೊರತು ಮೂಲದ ನೆರಳು ವಾಪಸು ಬರದು. ನೋವಿನ ಸಂಗತಿ, ಆದರೆ ಅತಿಯಾದ ರಿಪೇರಿಗಿಂತ ಬಿರುಕೇ ಲೇಸು.

ಪ್ರಶ್ನೆ: ಗುಲಾಮರ ವ್ಯಾಪಾರದ ವಿರುದ್ಧ ಹೋರಾಡಿದ ವಿಲ್ಬರ್‌ಫೋರ್ಸ್ ಅವರ ಚಿತ್ರದಲ್ಲಿ ತಲೆ ಮಾತ್ರ ಮುಗಿದಿದೆಯಲ್ಲ?

ಉತ್ತರ: ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯ ಆ ಚಿತ್ರವನ್ನು ಅಂದಿನ ಹೆಸರಾಂತ ಇಂಗ್ಲಿಷ್ ಭಾವಚಿತ್ರಕಾರ ಥಾಮಸ್ ಲಾರೆನ್ಸ್ 1828ರಲ್ಲಿ ಶುರುಮಾಡಿದರು. ಕ್ಯಾನ್ವಾಸಿನ ಮೇಲೇ ತಲೆಯನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡು, ಮುಂದಿನ ಬೈಠಕ್ಕಿನಲ್ಲಿ ಮುಖಕ್ಕೆ ಬಣ್ಣ ಹಚ್ಚುವುದು ಅವರ ಪದ್ಧತಿ. ಕೂತವರು ಎದುರಿಗೆ ಇರಲೇಬೇಕಾದದ್ದು ಮುಖಕ್ಕೆ. ಕೋಟು, ಪರದೆ ಆಮೇಲೂ ಆಗುತ್ತವೆ, ಆಮೇಲೆ ಎಂದರೆ ಕೆಲವೊಮ್ಮೆ ವರ್ಷಗಟ್ಟಲೆ. ಅರ್ಧ ಹಣವಂತೂ ಮೊದಲೇ ಕೈಸೇರುತ್ತಿತ್ತು. 1810ರ ಹೊತ್ತಿಗೆ ಅವರ ದರ ತಲೆಚಿತ್ರಕ್ಕೆ 100 ಗಿನಿ, ಪೂರ್ಣಾಕೃತಿಗೆ 400. ಗಿನಿ ಎಂದರೆ ಆಗ 21 ಷಿಲಿಂಗ್, ಒಂದು ಪೌಂಡಿಗಿಂತ ತುಸು ಹೆಚ್ಚು. ಒಪ್ಪಿಕೊಂಡದ್ದು ವಿಪರೀತ, ಮುಗಿಸಿದ್ದು ಕಡಿಮೆ. 1830ರ ಜನವರಿಯಲ್ಲಿ ತೀರಿಕೊಂಡಾಗ ಸ್ಟುಡಿಯೊ ತುಂಬ ಅರೆಬರೆ ಚಿತ್ರಗಳಿದ್ದವು.

ಈ ಚಿತ್ರದ ಕತ್ತಿನ ಕೆಳಗೆ ನಿಧಾನವಾಗಿ ನೋಡಿ. ಬಣ್ಣ ನಿಂತು ಬರೀ ಗೆರೆ ಉಳಿದಿದೆ. ಮುಗಿಸಿದ ಚಿತ್ರಗಳಲ್ಲಿ ರೇಷ್ಮೆ, ಮಖಮಲ್ಲಿನಡಿ ಮುಚ್ಚಿಹೋಗುವುದು ಈ ಗೆರೆಯೇ.